ತಾಯಿ-ಮಗು ಛಾಪಿನ ಎರಡು ಪೊಟ್ಟಣ

ನಮ್ಮ ಓಣಿಯ ಹೈಸ್ಕೂಲ್ ಮಾಸ್ತರರ ಮಗಳು ಶೈಲಜಾ ಹೋದ ವಾರ ಕಾಲೇಜಿನ ಅರ್ಜಿ ಹಿಡಿದುಕೊಂಡು ಬಂದಿದ್ದಳು. ಜಾಹೀರಾತಿನ ಚಿತ್ರ ಬರೆಯುವ ಕೆಲಸಕ್ಕೆ ಸೇರಬೇಕೆಂಬುದು ಅವಳ ಆಸೆ. ಚಿತ್ರಕಲೆ ತೆಗೆದುಕೊಳ್ಳಲೋ, ವ್ಯಾಪಾರಿ ಕಲೆಯೋ, ಮುದ್ರಣವೋ ಎಂದು ಕೇಳಿದಳು. ಇದೇ ಕೆಲಸದಲ್ಲಿ ಮೂವತ್ತೈದು ವರ್ಷ ಸವೆಸಿದ ಮುದುಕ ಪಕ್ಕದ ಮನೆಯಲ್ಲೇ ಬಿದ್ದಿರುವಾಗ ಕೇಳದೆ ಬಿಡುತ್ತಾರೆಯೇ. ಆಗ ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದೆ. ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಓದಿ ಅವಳು ಅರ್ಜಿ ತುಂಬಲಿ, ಬೇಡವೆನಿಸಿದರೆ ಹರಿದು ಹಾಕಲಿ.

ನನ್ನನ್ನು ಕೇಳಿದವರು ಯಾರೂ ಇರಲಿಲ್ಲ. ನಾನು ಅಳವಂಡಿಯವನು. ನಮ್ಮಪ್ಪನದು ಕಿರಾಣಿ ಅಂಗಡಿ. ಅಂಗಡಿಯ ಗೋಡೆಯ ಮೇಲೆ ಇದ್ದಿಲಿನಿಂದ ಗಿರಾಕಿಗಳ ಮುಖ ಬರೆಯುತ್ತಿದ್ದೆನೆಂದು ಸೋದರಮಾವ ಹೈದರಾಬಾದಿಗೆ ಕರೆದುಕೊಂಡು ಹೋಗಿ ಚಿತ್ರ ಕಲಿಸುವ ಒಂದು ಶಾಲೆಗೆ ಹಾಕಿದ. ಅಲ್ಲಿ ಮೂರು ವಿಭಾಗಗಳಿದ್ದವು. ಒಂದು ದೊಡ್ಡ ಚಿತ್ರಗಳದು, ಒಂದು ಸಾಲಿಯ ಡ್ರಾಯಿಂಗ್ ಮಾಸ್ತರರಾಗುವವರದು, ಮೂರನೆಯದು ಕಲ್ಲಚ್ಚಿನದು, ಅಂದರೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಅಚ್ಚು ತೆಗೆಯುವುದು. ಕಲ್ಲಚ್ಚಿನ ಕೋಣೆ ಹಿತ್ತಲಲ್ಲಿತ್ತು. ಅಲ್ಲಿಯ ಹುಡುಗರ ಕೈ ಸದಾ ಕರ್ರಗೆ, ಹತ್ತಿರ ಹೋದರೆ ಕಲ್ಲಿಗೆ ಹಚ್ಚುವ ತೇಜಾಬಿನ, ಅಂದರೆ ಆಸಿಡ್ಡಿನ ವಾಸನೆ. ನಾನು ಒಂದು ಗಳಿಗೆಯೂ ಯೋಚಿಸದೆ ದೊಡ್ಡ ಚಿತ್ರದ ವಿಭಾಗ ಆರಿಸಿಕೊಂಡೆ. ಆರಿಸಿಕೊಂಡದ್ದಕ್ಕೆ ಬೇರೆ ಕಾರಣವಿರಲಿಲ್ಲ, ಅಲ್ಲಿಯ ಹುಡುಗರ ಅಂಗಿ ಬೆಳ್ಳಗಿರುತ್ತಿತ್ತು, ಅಷ್ಟೇ. ಗಡಿಗೆ, ಹಣ್ಣು, ಸುಣ್ಣದ ಗೊಂಬೆಯ ಮೂಗು, ಕೊನೆಗೆ ಕೂಸನ್ನೆತ್ತಿಕೊಂಡ ತಾಯಿ, ಇಷ್ಟು ಬರೆಯುವುದನ್ನು ಕಲಿತು ನಮ್ಮೂರಿನ ಹತ್ತಿರದ ಕೊಪ್ಪಳಕ್ಕೆ ಬಂದೆ.

ಕೊಪ್ಪಳದಲ್ಲಿ ಸುಣ್ಣದ ಗೊಂಬೆಯ ಮೂಗು ಯಾರಿಗೆ ಬೇಕು. ಆರು ತಿಂಗಳು ಅಂಗಡಿಗಳ ಫಲಕ ಬರೆದೆ. ಮೇಲೆ ಉರ್ದು, ಕೆಳಗೆ ಕನ್ನಡ, ಎರಡಕ್ಕೂ ಸುತ್ತ ಬಳ್ಳಿ. ಕೊನೆಗೆ ಯಾವ ಕೋಣೆಯ ವಾಸನೆಗೆ ಮೂಗು ಮುಚ್ಚಿಕೊಂಡಿದ್ದೆನೋ ಅದೇ ಕೆಲಸಕ್ಕೆ ಬಂದು ಬಿದ್ದೆ. ಊರಲ್ಲಿ ಒಂದು ಸಣ್ಣ ಕಲ್ಲಚ್ಚಿನ ಛಾಪಖಾನೆಯಿತ್ತು. ಅದರ ಯಜಮಾನ ಖಾದರ್ ಸಾಹೇಬರು, ಎಲ್ಲರ ಬಾಯಲ್ಲೂ ಉಸ್ತಾದರು. ಅರವತ್ತು ದಾಟಿತ್ತು, ಮಾತು ಕಡಿಮೆ. ನನ್ನನ್ನು ಬೇಟಾ ಎಂದು ಕರೆಯುತ್ತಿದ್ದರು. ಬೀಡಿ, ಸಾಬೂನು, ಔಷಧದ ಪೊಟ್ಟಣಗಳಿಗೆ ಅಂಟಿಸುವ ಚೀಟಿಗಳೇ ನಮ್ಮ ಮುಖ್ಯ ಕೆಲಸ.

ಮೊದಲ ತಿಂಗಳೇ ಉಸ್ತಾದರ ಮಾನ ತೆಗೆದೆ. ಕಲ್ಲಿನ ಮೇಲೆ ಎಲ್ಲವನ್ನೂ ಉಲ್ಟಾ ಬರೆಯಬೇಕು, ಅಚ್ಚಾದಾಗ ಸುಲ್ಟಾ ಬರುತ್ತದೆ. ಒಂದು ಸಾಬೂನಿನ ಚೀಟಿಗೆ ಅಕ್ಷರಗಳನ್ನೆಲ್ಲ ಕನ್ನಡಿ ಹಿಡಿದು ಉಲ್ಟಾ ಬರೆದೆ. ನಡುವಿನ ಲಕ್ಷ್ಮಿಯನ್ನು ಮಾತ್ರ ಕಾಗದದಲ್ಲಿ ಇದ್ದ ಹಾಗೆ ಇಳಿಸಿಬಿಟ್ಟೆ. ಚಿತ್ರಕ್ಕೆ ಎಡಬಲ ಏನೆಂದುಕೊಂಡಿದ್ದೆ. ಸಾವಿರಾರು ಚೀಟಿಗಳಲ್ಲಿ ಲಕ್ಷ್ಮಿ ಎಡಗೈಯಿಂದ ನಾಣ್ಯ ಸುರಿಸುತ್ತ ಕೂತಳು. ಸಾಬೂನಿನ ಶೆಟ್ಟರು ಚೀಟಿ ನೋಡಿ, ಎಡಗೈಲೆ ಕೊಡೋ ದೇವಿನ್ನ ನನ್ನ ಅಂಗಡ್ಯಾಗ ಇಟ್ಟು ನಾ ಎಲ್ಲಿಗೆ ಹೋಗಲಿ ಎಂದು ಕಟ್ಟನ್ನೇ ತಿರುಗಿಸಿ ಕಳಿಸಿದರು. ಉಸ್ತಾದರು ಬೈಯಲಿಲ್ಲ. ಅಷ್ಟೂ ಚೀಟಿಯ ಹಿಂಬದಿಯಲ್ಲಿ ಒಂದು ತಿಂಗಳು ನನ್ನಿಂದ ಉಲ್ಟಾ ಅಕ್ಷರ ತಿದ್ದಿಸಿದರು.

ಕುಷ್ಟಗಿಯದು ಇನ್ನೊಂದು ಫಜೀತಿ. ಒಂದು ಚಹಾ ಕಂಪನಿಯವರು ನಾಲ್ಕು ದಾರಿ ಕೂಡುವಲ್ಲಿಯ ಗೋಡೆಯ ಮೇಲೆ ಜಾಹೀರಾತು ಬರೆಯಲು ಕರೆದಿದ್ದರು. ಕಪ್ಪುಬಸಿ ಹಿಡಿದ ಹೆಣ್ಣುಮಗಳನ್ನು ಸೊಂಟದ ತನಕ ಬರೆದೆ, ಶಾಲೆಯಲ್ಲಿ ಕಲಿಸಿದ್ದು ಹಾಗೆ. ಎರಡನೆಯ ದಿನ ಊರಿನ ಒಬ್ಬ ಮುದುಕಿ ಜೋಳದ ಬುಟ್ಟಿ ಇಳಿಸಿ ಬಹಳ ಹೊತ್ತು ನೋಡಿ, ಈಕಿಗೆ ಕಾಲು ಯಾಕ ಇಲ್ಲ ಎಂದು ಕೇಳಿದಳು. ಕಾಲು ಕೆಳಗೆ ಇರುತ್ತವೆ, ಕಾಣುವುದಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಕಾಲಿಲ್ಲದ ಹೆಂಗಸು ದೆವ್ವವೇ ಸೈ ಎಂದು ಊರೆಲ್ಲ ಸುದ್ದಿಯಾಗಿ, ಆ ಗೋಡೆಯ ಮುಂದೆ ಬಸುರಿಯರು ಹಾಯುವುದು ನಿಂತಿತು. ನಾನು ಮತ್ತೆ ಏಣಿ ಹತ್ತಿಳಿದು, ಗೋಡೆಯ ಬುಡದ ತನಕ ಸೀರೆಯೆಳೆದು, ಕಾಲುಂಗುರದ ಸಮೇತ ಎರಡು ಪಾದ ಬರೆದೆ. ಕಂಪನಿಯ ಇನ್‌ಸ್ಪೆಕ್ಟರು ಬಂದು, ಪಾದ ಯಾರು ಬರೆಯಲು ಹೇಳಿದರೆಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ. ಈ ಕಥೆ ಹೇಳಿ ವರ್ಷಗಟ್ಟಲೆ ಜನರನ್ನು ನಗಿಸಿದ್ದೇನೆ. ಓದು ಬರದವರು ಚಿತ್ರವನ್ನು ಅಕ್ಷರದಂತೆ ಒಂದೊಂದಾಗಿ ಓದುತ್ತಾರೆಂಬುದು ಆವತ್ತೇ ನನ್ನ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ, ನಕ್ಕುಬಿಟ್ಟೆ.

ಆಗಿನ ಅಂಗಡಿಗಳಲ್ಲಿ ಹೆಸರು ಹೇಳಿ ಸಾಮಾನು ಕೇಳುವವರು ಕಡಿಮೆ. ಗಿಳಿ ಛಾಪಿನ ಬೀಡಿ ಕೊಡ್ರಿ, ಆನಿ ಛಾಪಿನ ಸಾಬೂನು ಕೊಡ್ರಿ ಎಂದೇ ಕೇಳುತ್ತಿದ್ದರು. ಗಿಳಿಯ ಮೂತಿ ಸ್ವಲ್ಪ ಬದಲಾದರೂ ಪೊಟ್ಟಣ ತಿರುಗಿ ಬರುತ್ತಿತ್ತು. ಅಕ್ಷರ ಇರುತ್ತಿದ್ದದ್ದು ಸರಕಾರಕ್ಕೆ, ಚಿತ್ರ ಗಿರಾಕಿಗೆ. ಉಸ್ತಾದರು ಇದನ್ನು ಬಲ್ಲವರು. ಛಾಪಖಾನೆಯಲ್ಲಿ ಅವರದೊಂದು ಕಟ್ಟಳೆಯಿತ್ತು. ಇಲಿ ಪಾಷಾಣವಿರಲಿ, ಹುಳಕ್ಕೆ ಹಾಕುವ ಮದ್ದಿರಲಿ, ವಿಷದ ಚೀಟಿಗೆ ಕರೀ ಮಸಿ ಒಂದೇ, ಒರಟು ಕಾಗದ, ಅಂಗಾತ ಬಿದ್ದ ಇಲಿ. ಬಳ್ಳಿಯಿಲ್ಲ, ಬಣ್ಣವಿಲ್ಲ, ಮನುಷ್ಯರ ಮುಖವಂತೂ ಇಲ್ಲವೇ ಇಲ್ಲ. ಅವರ ಗುರುಗಳು ಹಾಗೇ ಮಾಡುತ್ತಿದ್ದರಂತೆ.

ಗಂಗಾವತಿಯಲ್ಲಿ ಬಸೆಟ್ಟೆಪ್ಪ ಎಂಬ ಸಾಹುಕಾರನಿದ್ದ. ಅಕ್ಕಿ ವ್ಯಾಪಾರದ ಜೊತೆಗೆ ಪುಡಿ, ಗುಳಿಗೆಗಳ ಪೊಟ್ಟಣ ಕಟ್ಟಿಸಿ ಸುತ್ತಲಿನ ಸಂತೆಗಳಿಗೆ ಕಳಿಸುತ್ತಿದ್ದ. ಹಡೆದವರಿಗೆ ಹಾಲಿನಲ್ಲಿ ಕದಡಿ ಕುಡಿಸುವ ಅವನ ಬಾಳಂತಿ ಪುಡಿಗೆ ನಾನು ಒಂದು ಚೀಟಿ ಬರೆದುಕೊಟ್ಟಿದ್ದೆ. ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಮುಖ ಬಾಗಿಸಿ ನೋಡುತ್ತಿರುವ ತಾಯಿ, ಗುಲಾಬಿ ಸೀರೆ, ಹಸಿರು ಅಂಚು. ಶಾಲೆಯಲ್ಲಿ ಎರಡು ವರ್ಷ ತಿದ್ದಿ ಕಲಿತ ತಾಯಿ ಅವಳು. ಕೊಪ್ಪಳದಿಂದ ಕುಷ್ಟಗಿಯವರೆಗೆ ಆ ಪುಡಿ ಮನೆಮನೆಗೆ ಹೋಯಿತು. ಖಾಲಿಯಾದ ಪೊಟ್ಟಣದ ಚಿತ್ರವನ್ನು ಹೆಂಗಸರು ತೊಟ್ಟಿಲ ಮೇಲೆ ಅಂಟಿಸುತ್ತಿದ್ದರು. ನನಗೆ ಬಂದ ಸೊಕ್ಕು ಅಷ್ಟಿಷ್ಟಲ್ಲ.

ಮಹಾಯುದ್ಧದ ನಡುವಿನ ಒಂದು ವರ್ಷ ಗಂಗಾವತಿಯ ಗೋದಾಮುಗಳಲ್ಲಿ ಇಲಿಯ ಕಾಟ ವಿಪರೀತವಾಯಿತು. ಬಸೆಟ್ಟೆಪ್ಪ ಹುರಿಹಿಟ್ಟಿನಲ್ಲಿ ಪಾಷಾಣ ಬೆರೆಸಿ ಇಲಿ ಮದ್ದಿನ ಪೊಟ್ಟಣ ತೆಗೆದ. ಕರೀ ಚೀಟಿಯ ಪೊಟ್ಟಣ ಗೋದಾಮಿಗೆ ಹೋಯಿತು, ಮನೆಗಳಿಗೆ ಹೋಗಲಿಲ್ಲ. ಸತ್ತ ಇಲಿಯ ಚಿತ್ರ ಹೊತ್ತು ಮನೆಯೊಳಗೆ ಹೋಗಲು ಹೆಂಗಸರು ಒಲ್ಲರು. ಅವನು ಛಾಪಖಾನೆಗೇ ಬಂದು ನನ್ನೆದುರು ಕೂತ. ಮನೆಯ ಕಾಳುಕಡಿ ಕಾಯುವ ಮದ್ದಿದು, ನಗುವ ಮನೆಯನ್ನು ಬರೆಯಿರಿ, ನಿಮ್ಮ ತಾಯಿ-ಮಗು ಭಾಳ ನಡದೈತಿ, ಅದನ್ನ ಹಾಕ್ರಿ ಎಂದ.

ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ತುಂಬಿದ ಕಣಜ, ಅದರ ಮುಂದೆ ನೆಮ್ಮದಿಯಿಂದ ಕೂತ ತಾಯಿ, ತೊಡೆಯ ಮೇಲೆ ಕೂಸು, ಕೆಳಗೆ ಮೂಲೆಯಲ್ಲಿ ಓಡಿಹೋಗುತ್ತಿರುವ ಸಣ್ಣ ಇಲಿ. ಮೇಲೆ ಉರ್ದುವಿನಲ್ಲಿಯೂ ಕನ್ನಡದಲ್ಲಿಯೂ ದೊಡ್ಡದಾಗಿ ವಿಷ ಎಂದು ಬರೆದೆ. ತಾಯಿಯನ್ನು ಹೊಸದಾಗಿ ಬರೆಯಲೂ ಇಲ್ಲ. ಹಳೆಯ ಕಲ್ಲಿನಿಂದ ಹಸಿ ಮಸಿಯ ಒಂದು ಪ್ರತಿ ಎತ್ತಿ ಹೊಸ ಕಲ್ಲಿನ ಮೇಲೆ ಒತ್ತಿದರೆ ಚಿತ್ರ ಹಾಗೇ ಇಳಿಯುತ್ತಿತ್ತು, ನಾಲ್ಕು ದಿನದ ಕೆಲಸ ಉಳಿಯುತ್ತಿತ್ತು. ಸೀರೆ ಗುಲಾಬಿಯೇ ಆಯಿತು, ಯಾಕೆಂದರೆ ಗುಲಾಬಿ ಮಸಿ ಕಲಸಿಟ್ಟದ್ದು ಮಿಕ್ಕಿತ್ತು.

ಉಸ್ತಾದರು ಕಲ್ಲಿನ ಮುಂದೆ ಬಂದು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಬೇಟಾ, ವಿಷಕ್ಕ ಮುಖ ಹಚ್ಚಬ್ಯಾಡ."

ವಿಷ ಎಂದು ಇಷ್ಟು ದಪ್ಪಗೆ ಬರೆದಿದ್ದೇನಲ್ಲ, ಎರಡು ಭಾಷೆಯಲ್ಲಿ ಬರೆದಿದ್ದೇನಲ್ಲ ಎಂದೆ. ಕಾಲ ಬದಲಾಗಿದೆ, ಮುಂಬಯಿಯಲ್ಲಿ ಹೀಗೆಯೇ ಮಾಡುತ್ತಾರೆ ಎಂದೂ ಹೇಳಿದೆ. ನಾನು ಮುಂಬಯಿ ಕಂಡವನಲ್ಲ. ಅವರು ವಾದಕ್ಕೆ ನಿಲ್ಲಲಿಲ್ಲ. ಇದಕ್ಕೆ ನಾ ಕೈ ಹಚ್ಚೂದಿಲ್ಲ ಎಂದು ಹೇಳಿ ತಮ್ಮ ಮೂಲೆಗೆ ಹೋಗಿ ಕೂತರು. ಅಷ್ಟೂ ಚೀಟಿಗಳನ್ನು ನಾನೇ ಅಚ್ಚು ಹೊಡೆದೆ. ಅವರು ಯಜಮಾನರಾಗಿ ನಿಲ್ಲಿಸಬಹುದಿತ್ತು, ಯಾಕೆ ನಿಲ್ಲಿಸಲಿಲ್ಲವೆಂದು ಆಮೇಲೆ ಬಹಳ ಸಲ ಸಿಟ್ಟು ಮಾಡಿಕೊಂಡಿದ್ದೇನೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಮನುಷ್ಯ ಎಲ್ಲೆಲ್ಲಿ ಹುಡುಕುತ್ತಾನೆ ನೋಡಿರಿ.

ಎರಡು ತಿಂಗಳೂ ಕಳೆದಿರಲಿಲ್ಲ, ಯಲಬುರ್ಗಾ ಕಡೆಯ ಪೊಲೀಸ್ ಅಮೀನರು ಛಾಪಖಾನೆಗೆ ಬಂದರು. ಅರಿವೆಯಲ್ಲಿ ಸುತ್ತಿದ ಪೊಟ್ಟಣ ಬಿಚ್ಚಿ, ಇದು ನಿಮ್ಮದೋ ಎಂದು ಕೇಳಿದರು. ಯಲಬುರ್ಗಾದ ಹತ್ತಿರದ ಒಂದು ಹಳ್ಳಿಯಲ್ಲಿ ಗೌರವ್ವ ಎಂಬ ಹನ್ನೊಂದು ದಿನದ ಬಾಳಂತಿ ಸತ್ತಿದ್ದಳು. ಅತ್ತೆ ಈರವ್ವ ಬಿಸಿ ಹಾಲಿನಲ್ಲಿ ಪುಡಿ ಕದಡಿ ಕುಡಿಸಿದ್ದಳು. ಕೂಸು ಬದುಕಿತ್ತು, ಅದನ್ನು ತಾಯಿಯ ತವರಿನವರು ಒಯ್ದಿದ್ದರು. ಅತ್ತೆ ಸೊಸೆ ಮೊದಲಿನಿಂದ ಜಗಳಾಡುತ್ತಿದ್ದರೆಂದು ನೆರೆಹೊರೆಯವರು ಹೇಳಿಕೆ ಕೊಟ್ಟಿದ್ದರು. ಗಂಡು ಹಡೆಯಲಿಲ್ಲವೆಂದು ಮುದುಕಿಗೆ ಸಿಟ್ಟಿತ್ತು ಎಂದರಂತೆ. ಮಗ ದ್ಯಾಮಣ್ಣನೂ ತಾಯಿಯ ವಿರುದ್ಧವೇ ನಿಂತಿದ್ದ.

ಅಮೀನರು ಹೋದ ಮೇಲೆ ನಾನು ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿದೆ. ಅಕ್ಷರಗಳನ್ನು ಕೈಯಿಂದ ಮುಚ್ಚಿದೆ. ಕಣಜ ಬಾಳಂತಿಕೋಣೆಯ ಗುಡಾಣದಂತೆ ಕಂಡಿತು. ಮೂಲೆಯ ಇಲಿ ಎಷ್ಟು ಸಣ್ಣದಿತ್ತೆಂದರೆ ಅಂಚಿನ ಬಳ್ಳಿಯೊಳಗೆ ಸೇರಿಹೋಗಿತ್ತು. ಉಳಿದವಳು ತಾಯಿ ಒಬ್ಬಳೇ, ಅದೇ ಮುಖ, ಅದೇ ಗುಲಾಬಿ ಸೀರೆ. ಈರವ್ವ ಸಂತೆಯಲ್ಲಿ ತಾಯಿ-ಮಗು ಛಾಪಿಂದು ಕೊಡ್ರಿ ಎಂದು ಕೇಳಿರಬೇಕು, ಅಂಗಡಿಯವನು ಕೈಗೆ ಸಿಕ್ಕ ತಾಯಿ-ಮಗುವನ್ನು ಕೊಟ್ಟಿರಬೇಕು. 

ಈರವ್ವನ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಹೇಳಿಕೆ ಕೊಡಲು ಯಲಬುರ್ಗಾದ ಕಚೇರಿಗೆ ಬರಬೇಕೆಂದು ನನಗೆ ಕರೆ ಬಂತು. ಹಿಂದಿನ ದಿನ ಬಸೆಟ್ಟೆಪ್ಪ ಕಾಣಲು ಬಂದ. ಬೆದರಿಸಲಿಲ್ಲ, ಬಹಳ ಮರ್ಯಾದೆಯಿಂದ ಮಾತಾಡಿದ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿರಿ, ಕೇಳದ್ದನ್ನು ಹೇಳಲು ಹೋಗಬೇಡಿರಿ, ಛಾಪಖಾನೆಗೆ ಬೀಗ ಬಿದ್ದರೆ ಈ ವಯಸ್ಸಿನಲ್ಲಿ ಉಸ್ತಾದರು ಎಲ್ಲಿಗೆ ಹೋಗಬೇಕು ಎಂದ. ಪೇಟೆಯಲ್ಲಿ ಉಳಿದ ಪೊಟ್ಟಣಗಳನ್ನು ತಾನೇ ಹಿಂದಕ್ಕೆ ತರಿಸುತ್ತೇನೆ ಎಂದೂ ಮಾತು ಕೊಟ್ಟ. ಆ ಮಾತು ಉಳಿಸಿಕೊಂಡ. ಆದರೂ ನಾನು ಬಾಳಂತಿ ಪುಡಿಯ ಚೀಟಿಯೊಂದನ್ನು ಚೀಲದಲ್ಲಿ ಇಟ್ಟುಕೊಂಡೇ ಯಲಬುರ್ಗಾಕ್ಕೆ ಹೋದೆ. ತೋರಿಸಬೇಕೆಂದೇ ಇಟ್ಟುಕೊಂಡಿದ್ದೆ.

ಕಚೇರಿಯ ಸಾಹೇಬರು ಇಲಿ ಮದ್ದಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಇದನ್ನು ಅಚ್ಚು ಹಾಕಿದವನು ನೀನೇ ಏನು ಎಂದು ಕೇಳಿದರು. ಹೌದೆಂದೆ. ಈರವ್ವ ಗೋಡೆಗೆ ಆತು ನಿಂತಿದ್ದಳು. ಒಣಗಿದ ಮೈ, ತಲೆಯ ಮೇಲೆ ಸೆರಗು. ಪೊಟ್ಟಣ ಕಂಡವಳೇ, ಅದ ರೀ, ಬಾಳಂತಿ ಪುಡಿ, ತಾಯಿ-ಮಗುಂದು ಎಂದಳು. ಸುಮ್ಮನಿರೆಂದು ಜವಾನ ಗದರಿಸಿದ. ಸಾಹೇಬರು ನನ್ನ ಕಡೆ ತಿರುಗಿ, ಇದರ ಮೇಲೆ ವಿಷ ಎಂದು ಬರೆದಿದೆಯೋ ಇಲ್ಲವೋ, ಅಕ್ಷರ ಸ್ಪಷ್ಟ ಇವೆಯೋ ಇಲ್ಲವೋ ಎಂದು ಕೇಳಿದರು.

"ಅಕ್ಷರ ಸ್ಪಷ್ಟ ಅದಾವ್ರಿ" ಎಂದೆ.

ಮತ್ತೇನಾದರೂ ಹೇಳುವುದಿದೆಯೇ ಎಂದು ಅವರು ಕೇಳಿದರು. ಕೇಳಿದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಚೀಲದ ಬಾಯಿಯ ಮೇಲೆ ನನ್ನ ಕೈಯಿತ್ತು. ಇಲ್ಲವೆಂದೆ. ಹೇಳಿಕೆಗೆ ಸಹಿ ಮಾಡಿ ಹೊರಗೆ ಬಂದೆ. ಈರವ್ವನಿಗೆ ಏಳು ವರ್ಷ ಸೆರೆಯಾಯಿತು.

ಕೊಪ್ಪಳಕ್ಕೆ ಬಂದಾಗ ಉಸ್ತಾದರು ಒಂದೇ ಮಾತು ಕೇಳಿದರು, ಆ ಇನ್ನೊಂದು ಚೀಟಿ ತೋರಿಸಿದೆಯಾ ಎಂದು. ನಿಮಗೋಸ್ಕರ ತೋರಿಸಲಿಲ್ಲ ಎಂದೆ. ಅರ್ಧ ನಿಜ ಅದು, ಇನ್ನರ್ಧ ನನ್ನ ಸ್ವಂತದ ಹೆದರಿಕೆ. ಅವರು ಇಲಿ ಮದ್ದಿನ ಚೀಟಿಯ ಕಲ್ಲನ್ನು ತೊಟ್ಟಿಗೆ ಹಾಕಿ, ಮರಳು ನೀರು ಸುರಿದು, ಚಿತ್ರ ಅಳಿಯುವ ತನಕ ತಾವೇ ತಿಕ್ಕಿದರು. ನಾನು ಕೈ ಹಚ್ಚಲು ಹೋದರೆ ಸರಿಸಿದರು. ಆವತ್ತಿನಿಂದ ಸಾಯುವ ತನಕ ನನ್ನನ್ನು ಹೆಸರು ಹಿಡಿದೇ ಕರೆದರು, ಬೇಟಾ ಎನ್ನಲಿಲ್ಲ.

ಶೈಲಜಾ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ವ್ಯಾಪಾರಿ ಕಲೆಯನ್ನೇ ತೆಗೆದುಕೋ. ಮುದ್ರಣದ ಕೋಣೆಯನ್ನೂ ಬಿಡಬೇಡ, ಕೈ ಕರ್ರಗಾದರೆ ಆಗಲಿ. ಬಣ್ಣ, ಅಳತೆ, ಅಕ್ಷರ ಎಲ್ಲವನ್ನೂ ಅವರು ಕಲಿಸುತ್ತಾರೆ. ಒಂದನ್ನು ಕಲಿಸುವುದಿಲ್ಲ, ಅದನ್ನು ನೀನೇ ಮಾಡಬೇಕು. ಆ ವರ್ಷದಿಂದ ನಾನು ಬರೆದ ಪ್ರತಿಯೊಂದು ಚೀಟಿಯನ್ನೂ ಅಚ್ಚಿಗೆ ಹಾಕುವ ಮೊದಲು ಓದು ಬರದ ನಾಲ್ಕು ಜನರಿಗೆ ತೋರಿಸಿ, ಇದರೊಳಗೆ ಏನು ಇರುತ್ತದೆಂದು ಕೇಳುತ್ತ ಬಂದೆ. ಸಂತೆಯಲ್ಲಿ, ಬಾವಿಯ ಕಟ್ಟೆಯಲ್ಲಿ, ಗಿರಣಿಯ ಬಾಗಿಲಲ್ಲಿ ಕೇಳುತ್ತಿದ್ದೆ. ಕಲ್ಲು ಹೋಗಿ ತಗಡು ಬಂತು, ತಗಡು ಹೋಗಿ ಬ್ಲಾಕು ಬಂತು, ಆ ಒಂದು ಪದ್ಧತಿ ಬಿಡಲಿಲ್ಲ. ಹೊಸ ಮಾಲೀಕರು ಇದೇನು ಹುಚ್ಚು ಎಂದು ನಗುತ್ತಿದ್ದರು. ನಗಲಿ ಬಿಡು.

ಇಷ್ಟಕ್ಕೇ ನಿಲ್ಲಿಸಿದರೆ ನಾನು ತಿದ್ದಿಕೊಂಡ ಮನುಷ್ಯನಂತೆ ಕಾಣುತ್ತೇನೆ. ಹಾಗೇನಿಲ್ಲ.

ನಿಜಾಮರ ಆಳಿಕೆ ಹೋದ ಮರುವರ್ಷ ಈರವ್ವ ಬಿಡುಗಡೆಯಾಗಿ ಬಂದಿದ್ದಾಳೆಂದು ತಿಳಿಯಿತು. ಮಗ ಮನೆಗೆ ಸೇರಿಸಲಿಲ್ಲವಂತೆ, ಯಲಬುರ್ಗಾದಲ್ಲಿ ತಂಗಿಯ ಮನೆಯಲ್ಲಿದ್ದಳು. ಉಸ್ತಾದರು ಅಷ್ಟರಲ್ಲಿ ತೀರಿಕೊಂಡಿದ್ದರು, ಬೀಗ ಬೀಳುವ ಛಾಪಖಾನೆ ಯಾವುದೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ನನಗೆ ಧೈರ್ಯ ಬಂತು. ಎರಡೂ ಚೀಟಿ ತೆಗೆದುಕೊಂಡು ಹೋದೆ. ಅವಳು ತಂಗಿಯ ಮನೆಯ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ನಾನು ಯಾರೆಂದು ಹೇಳಿದೆ. ಚೀಟಿಗಳನ್ನು ಕೈಗೆ ಕೊಟ್ಟೆ. ಅವಳು ಕೈ ಒರೆಸಿಕೊಂಡು ಅವೆರಡನ್ನೂ ನೆಲದ ಮೇಲೆ ಜೋಡಿಸಿಟ್ಟಳು.

"ಎರಡೂ ಒಂದ ಐತಲ್ರೀ" ಎಂದಳು.

"ಹೌದಬೇ. ನಾನ ಬರದದ್ದು."

"ಅವತ್ತ ಕಚೇರ್ಯಾಗ ಇದು ನಿಮ್ಮ ಹತ್ರ ಇತ್ತೇನು?"

"ಚೀಲದಾಗಿತ್ತು."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಚೀಟಿಗಳನ್ನು ಒಂದರ ಮೇಲೊಂದಿಟ್ಟು ನನ್ನ ಕಡೆ ಸರಿಸಿದಳು.

"ನನಗ ಹೇಳಿ ಏನು ಮಾಡ್ತೀರಿ" ಎಂದಳು ಆಮೇಲೆ. "ನಾ ಬೇಕಂತ ಕೊಟ್ಟಿಲ್ಲಂತ ನನಗ ಗೊತ್ತಿತ್ತಲ್ಲ. ನನ್ನ ಮಗಗ ಹೇಳ್ರಿ."

ಅವಳಿಗೆ ಬೇಕಾದದ್ದು ಅದೊಂದೇ. ಹೇಳಿ ಬರುತ್ತೇನೆಂದು ಆ ಮಧ್ಯಾಹ್ನವೇ ಎರಡು ಹರದಾರಿ ನಡೆದು ಆ ಹಳ್ಳಿಗೆ ಹೋದೆ. ದ್ಯಾಮಣ್ಣ ಎರಡನೆಯ ಮದುವೆಯಾಗಿದ್ದ, ಅಂಗಳದಲ್ಲಿ ಎರಡು ಮಕ್ಕಳು ಆಡುತ್ತಿದ್ದವು. ಕಂಬಳಿ ಹಾಸಿ ಕೂಡಿಸಿ ನೀರು ಕೊಟ್ಟ. ನಾನು ಎಲ್ಲವನ್ನೂ ಹೇಳಿದೆ, ಒಂದನ್ನೂ ಬಿಡಲಿಲ್ಲ. ಅವನಿಗೆ ಓದು ಬರುತ್ತಿತ್ತು, ಆದರೆ ಅಕ್ಷರದ ಕಡೆ ನೋಡಲೇ ಇಲ್ಲ. ಆ ತಾಯಿಯ ಮುಖದಿಂದ ಈ ತಾಯಿಯ ಮುಖಕ್ಕೆ ಬೆರಳು ಆಡಿಸುತ್ತ ಕೂತ. ಅವನಿಗೆ ತಿಳಿಯಿತು. 

"ಕಚೇರ್ಯಾಗ ನಾನ ನಿಂತು ಹೇಳೀನ್ರಿ, ನಮ್ಮವ್ವನ ವಿಷ ಹಾಕ್ಯಾಳ ಅಂತ" ಎಂದ. "ಊರೆಲ್ಲ ಕೇಳೈತಿ. ಬಿಡುಗಡಿಯಾಗಿ ಬಂದಾಗ ಈ ಹೊಸ್ತಿಲದಾಗ ನಿಂತಿದ್ಲು, ನೀರು ಸೈತ ಕೊಡಲಿಲ್ಲ ನಾನು. ಈಗ ಆಕಿ ಹಾಕಿಲ್ಲ ಅಂದ್ರ, ನಾ ಏನಾದೆ?"

 ಅವನು ಚೀಟಿಗಳನ್ನು ಮಡಿಸಿ ನನ್ನ ಕೈಗೆ ಹಿಂದಕ್ಕೆ ಕೊಟ್ಟ.

"ಆಕಿನ ಹಾಕ್ಯಾಳ್ರಿ. ನನ್ನ ಪಾಲಿಗೆ ಅದು ಹಂಗ ಇರ್ಲಿ. ನೀವು ಊರಾಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಸಂಜೆಯ ಹೊತ್ತಿಗೆ ಯಲಬುರ್ಗಾಕ್ಕೆ ಮರಳಿದೆ. ಈರವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು, ಮಡಚಿಟ್ಟ ಸೀರೆ ತೆಗೆದು ಉಟ್ಟಿದ್ದಳು, ಪಕ್ಕದಲ್ಲಿ ಅವಳ ಅರಿವೆಗಳ ಸಣ್ಣ ಗಂಟು. ತಂಗಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಒಳಗೆ ಹೋದಳು. ಈರವ್ವ ನನ್ನ ಹಿಂದೆ ದಾರಿಯ ಉದ್ದಕ್ಕೂ ಕಣ್ಣು ಹಾಯಿಸಿದಳು.

"ಹೇಳಿದ್ರೇನ್ರಿ?"

"ಹೇಳಿದೆ."

"ಬಂಡಿ ಕಳಿಸಿಲ್ಲೇನು?"

ಬಂಡಿ ಇಲ್ಲ ಎಂದಷ್ಟೇ ನನ್ನ ಬಾಯಿಂದ ಬಂತು. ಮಗ ಅಂದ ಉಳಿದದ್ದನ್ನು ಆವತ್ತೂ ಹೇಳಲಾಗಲಿಲ್ಲ. ಬಿತ್ತಿಗಿ ದಿನ, ಎತ್ತು ಖಾಲಿ ಇರಲಿಕ್ಕಿಲ್ಲ, ನಡಕೋಂತ ಹೋಗೂಣು ಬರ್ರಿ ಎನ್ನುತ್ತ ಅವಳು ಗಂಟನ್ನು ಕಂಕುಳಿಗೆ ಇಟ್ಟುಕೊಂಡು ಕಟ್ಟೆಯಿಂದ ಇಳಿದಳು.